ನೋಟಿನ ಗಾಡಿ, ಹಿಟ್ಟಿನ ಗಾಡಿ: ಅಮೆರಿಕದ ಕ್ರಾಂತಿ ಸೇನೆಗೆ ಊಟ ಹಾಕಿದ ಇಪ್ಪತ್ತು ತಿಂಗಳು

1781ರ ಸೆಪ್ಟೆಂಬರ್ 8. ಅಮೆರಿಕದ ಮೇರಿಲ್ಯಾಂಡಿನಲ್ಲಿ ಹೆಡ್ ಆಫ್ ಎಲ್ಕ್ ಎಂಬ ಸಣ್ಣ ಊರು. ಉತ್ತರದಿಂದ ನಡೆದು ಬಂದ ಸೈನಿಕರು ಅಲ್ಲಿ ದೋಣಿಗೆ ಕಾಯುತ್ತಿದ್ದರು. ಸಂಬಳ ಬಟವಾಡೆ ಮಾಡುವ ಅಧಿಕಾರಿ ಮರದ ಪೀಪಾಯಿಗಳ ಮುಚ್ಚಳ ಒಡೆಸಿದನಂತೆ. ಬೆಳ್ಳಿ ನಾಣ್ಯಗಳು ನೆಲದ ಮೇಲೆ ಉರುಳಿದವು. ಕೈ ತಪ್ಪಿ ಆದದ್ದಲ್ಲ. ಎಲ್ಲರ ಕಣ್ಣಿಗೂ ಬೀಳಲಿ ಅಂತ ಬೇಕಂತಲೇ ಮಾಡಿದ್ದು. ಆವತ್ತು ಕೊಟ್ಟದ್ದು ಒಂದೇ ಒಂದು ತಿಂಗಳ ಸಂಬಳ. ಅಷ್ಟೂ ವರ್ಷದ ಸೇವೆಯಲ್ಲಿ ತನಗೆ ಸಿಕ್ಕ ಸಂಬಳ ಅದೊಂದೇ ಎಂದು ಅವರಲ್ಲೊಬ್ಬ ಮುದುಕನಾದ ಮೇಲೆ ನೆನಪಿಸಿಕೊಂಡ.

ಆ ನಾಣ್ಯ ಅಮೆರಿಕ ಸರ್ಕಾರದ್ದಾಗಿರಲಿಲ್ಲ. ಬ್ರಿಟಿಷರ ವಿರುದ್ಧ ಜೊತೆಯಲ್ಲೇ ನಡೆಯುತ್ತಿದ್ದ ಮಿತ್ರ ಫ್ರೆಂಚ್ ಸೇನೆಯ ಪೆಟ್ಟಿಗೆಯಿಂದ ಕೈಗಡ ತಂದದ್ದು.

ಆ ಪೀಪಾಯಿ ಅಲ್ಲಿಗೆ ಬರುವ ಮುಂಚಿನ ಇಪ್ಪತ್ತು ತಿಂಗಳು, ಅಂದರೆ 1780ರ ಜನವರಿಯಿಂದ ಈಚೆಗೆ, ಏನಾಯಿತು ಎಂಬುದೇ ಈ ಪ್ರಕರಣ. ಅಧಿಕಾರದಲ್ಲಿದ್ದವರ ಹೆಸರು ಚರಿತ್ರೆಯಲ್ಲಿ ಇದ್ದೇ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸೈನಿಕರು, ರೈತರು, ಗುತ್ತಿಗೆದಾರರು ಮಾತ್ರ ಇಲ್ಲಿ ಹೆಸರಿಲ್ಲದೆ ಬರುತ್ತಾರೆ.

ಹಿನ್ನೆಲೆ: ತೆರಿಗೆ ಹಾಕಲಾಗದ ಸರ್ಕಾರ

1775ರ ಜೂನ್ 14ರಂದು ಫಿಲಡೆಲ್ಫಿಯಾದಲ್ಲಿ ಸೇರಿದ್ದ ಕಾಂಟಿನೆಂಟಲ್ ಕಾಂಗ್ರೆಸ್, ಅಂದರೆ ಬ್ರಿಟಿಷರ ವಿರುದ್ಧ ಎದ್ದ ವಸಾಹತುಗಳ ಪ್ರತಿನಿಧಿ ಸಭೆ, ಒಂದು ಸೇನೆ ಕಟ್ಟಲು ತೀರ್ಮಾನಿಸಿತು. ಎಂಟು ದಿನ ಬಿಟ್ಟು, ಅದರ ಖರ್ಚಿಗೆ 20 ಲಕ್ಷ ಡಾಲರ್ ಕಾಗದದ ಹಣ ಅಚ್ಚು ಹಾಕಲು ಹೇಳಿತು. ಬೇರೆ ದಾರಿ ಇರಲಿಲ್ಲ. ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇಲ್ಲ. ಇದ್ದಿದ್ದರೂ ಹಾಕುವ ಧೈರ್ಯ ಯಾರಿಗಿತ್ತು? ಜನ ಬ್ರಿಟಿಷರ ಮೇಲೆ ತಿರುಗಿಬಿದ್ದದ್ದೇ ತೆರಿಗೆ ವಿಷಯಕ್ಕೆ.

ಲೆಕ್ಕಾಚಾರ ಹೀಗಿತ್ತು: ನೋಟು ಅಚ್ಚು ಹಾಕುವುದು ಕಾಂಗ್ರೆಸ್, ತೆರಿಗೆ ಹಾಕುವುದು ಹದಿಮೂರು ರಾಜ್ಯಗಳು. ತೆರಿಗೆಯಾಗಿ ಬಂದ ನೋಟನ್ನು ರಾಜ್ಯಗಳು ಹಿಂದಿರುಗಿಸಿದರೆ ಕಾಂಗ್ರೆಸ್ ಅದನ್ನು ಸುಟ್ಟುಹಾಕುತ್ತದೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ ಅಲ್ವಾ? ಆದರೆ ರಾಜ್ಯಗಳು ತೆರಿಗೆ ಹಾಕಲು ಹಿಂದೆಮುಂದೆ ನೋಡಿದವು, ಸಾಲದ್ದಕ್ಕೆ ತಮ್ಮದೇ ನೋಟು ಬೇರೆ ಅಚ್ಚು ಹಾಕಿದವು.

ನೋಟೇನೋ ಚಂದವಿತ್ತು. ಕೆಲವುಗಳ ಹಿಂಬದಿಯಲ್ಲಿ ನಿಜವಾದ ಎಲೆಯ ಅಚ್ಚು. ಎಲೆಯ ನರ ನರವೂ ಕಾಣುತ್ತಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಹಳೆಯ ಮುದ್ರಕ. ನಕಲು ಮಾಡಲು ಆಗದಿರಲಿ ಎಂದು ಆತ ಹಿಂದೆಯೇ ಕಂಡುಕೊಂಡಿದ್ದ ಉಪಾಯ ಅದು. ಆದರೂ ಬ್ರಿಟಿಷರು ತಮ್ಮ ಹಿಡಿತದಲ್ಲಿದ್ದ ನ್ಯೂಯಾರ್ಕಿನಿಂದ ಖೋಟಾ ನೋಟು ಹರಿಯಬಿಟ್ಟರು.

ನೋಟು ಅಚ್ಚು ಹಾಕಿದ್ದೇ ತಪ್ಪು ಅಂತ ಈಗ ಹೇಳುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಮೊದಲ ಒಂದೆರಡು ವರ್ಷ ಸೇನೆಯನ್ನು ನಿಲ್ಲಿಸಿದ್ದೇ ಆ ನೋಟು. ಅದರ ಬೆನ್ನಿಗೆ ಬರಬೇಕಾಗಿದ್ದ ತೆರಿಗೆ ಬರಲೇ ಇಲ್ಲ, ಎಡವಟ್ಟಾದದ್ದು ಅಲ್ಲಿ. 1779ರ ಏಪ್ರಿಲ್ ಹೊತ್ತಿಗೆ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಕಾಂಗ್ರೆಸ್ಸಿನ ಅಧ್ಯಕ್ಷರಿಗೆ ಬರೆದರು: ಒಂದು ಗಾಡಿ ನೋಟು ಕೊಟ್ಟರೂ ಒಂದು ಗಾಡಿ ದಿನಸಿ ಸಿಗುವುದು ಕಷ್ಟ. ಆ ವರ್ಷ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್, 20 ಕೋಟಿ ಡಾಲರ್ ಮುಟ್ಟಿದರೆ ಅಚ್ಚು ನಿಲ್ಲಿಸುತ್ತೇವೆ ಎಂದು ಮಾತು ಕೊಟ್ಟಿತು. ಕೆಲವೇ ತಿಂಗಳಲ್ಲಿ ಮುಟ್ಟಿತು.

ಹಣದ ಜೊತೆಗೆ ಇನ್ನೊಂದು ಜಗಳ ಇತ್ತು. ದಿನಸಿ ಕೊಳ್ಳುವ ಅಧಿಕಾರಿಗೆ ಸಂಬಳ ಕೊಡಬೇಕಾ, ಕಮಿಷನ್ ಕೊಡಬೇಕಾ? ಸಂಬಳವೇ ಸಾಕು ಎಂದು ಕಾಂಗ್ರೆಸ್ 1777ರಲ್ಲಿ ಹಠ ಹಿಡಿಯಿತು. ಅನುಭವಿ ಅಧಿಕಾರಿ ರಾಜೀನಾಮೆ ಕೊಟ್ಟು ಹೋದ. ಆ ಚಳಿಗಾಲ ಸೇನೆ ಬೀಡುಬಿಟ್ಟಿದ್ದ ವ್ಯಾಲಿ ಫೋರ್ಜಿನಲ್ಲಿ ಬರಿಗಾಲು, ಬರಿಮೈ ಅನ್ನುವ ಕಾರಣಕ್ಕೇ 2,898 ಜನ ಕೆಲಸಕ್ಕೆ ಬಾರದವರಾದರು. ಇದು ವಾಷಿಂಗ್ಟನ್ ಕೊಟ್ಟ ಲೆಕ್ಕ. 1778ರ ಮಾರ್ಚಿನಲ್ಲಿ ಜನರಲ್ ನಥಾನಿಯೆಲ್ ಗ್ರೀನ್ ಸಾಗಾಣಿಕೆಯ ಹೊಣೆ ಹೊತ್ತ. ಈ ಸಲ ಖರ್ಚಿನ ಮೇಲೆ ನೂರಕ್ಕೆ ಒಂದರಂತೆ ಕಮಿಷನ್, ಅದು ಮೂವರಿಗೆ ಹಂಚಿಕೆ. ಕೆಲಸ ನಡೆಯಿತು. ಖರ್ಚು ಹೆಚ್ಚಿದಷ್ಟೂ ಕಮಿಷನ್ ಹೆಚ್ಚಿತು, ಜನರ ಅನುಮಾನವೂ ಹೆಚ್ಚಿತು.

ಎಲ್ಲರೂ ಹಾಗಿರಲಿಲ್ಲ ಅನ್ನಿ. 1777ರಲ್ಲಿ ಸೇನೆಗೆ ಬ್ರೆಡ್ ಸುಡುವ ಜವಾಬ್ದಾರಿಯನ್ನು ಕ್ರಿಸ್ಟಫರ್ ಲಡ್ವಿಕ್ ಎಂಬ ಬೇಕರಿಯವನಿಗೆ ಕೊಟ್ಟರು. ಜರ್ಮನಿಯಿಂದ ಬಂದು ಫಿಲಡೆಲ್ಫಿಯಾದಲ್ಲಿ ನೆಲೆಸಿದವನು. 100 ಪೌಂಡ್ ಹಿಟ್ಟಿಗೆ 100 ಪೌಂಡ್ ಬ್ರೆಡ್ ಕೊಡು ಎಂದಿತು ಕಾಂಗ್ರೆಸ್. ಬೇಡ, 135 ಪೌಂಡ್ ಕೊಡುತ್ತೇನೆ, ಯುದ್ಧದ ಹೆಸರಲ್ಲಿ ನಾನು ಸಾಹುಕಾರನಾಗಬೇಕಿಲ್ಲ ಅಂದನಂತೆ. ನೀರು ಸೇರಿದರೆ ಹಿಟ್ಟಿನ ತೂಕ ಏರುತ್ತದೆ. ಚಪಾತಿಗೆ ಹಿಟ್ಟು ಕಲಸಿದವರಿಗೆಲ್ಲ ಗೊತ್ತಿರುವ ವಿಷಯ. ಕಾಂಗ್ರೆಸ್ಸಿನ ದೊಡ್ಡವರಿಗೆ ಗೊತ್ತಿರಲಿಲ್ಲ.

ಸಮಸ್ಯೆ: ಮಾರಿಸ್‌ಟೌನ್, ಜನವರಿ 1780

ವ್ಯಾಲಿ ಫೋರ್ಜ್ ಹೆಸರು ಮಾಡಿತು. ನಿಜವಾಗಿ ಅದಕ್ಕಿಂತ ಕೆಟ್ಟದ್ದು ಎರಡು ವರ್ಷದ ನಂತರದ ಚಳಿ. ನ್ಯೂಜೆರ್ಸಿಯ ಮಾರಿಸ್‌ಟೌನ್ ಹತ್ತಿರ ಸೇನೆ ಬೀಡುಬಿಟ್ಟಿತ್ತು. ಜನವರಿ ಮೊದಲ ವಾರ ದೊಡ್ಡ ಹಿಮಗಾಳಿ ಬೀಸಿ ದಾರಿಗಳೆಲ್ಲ ಮುಚ್ಚಿದವು. ನ್ಯೂಯಾರ್ಕ್ ಬಂದರಿನ ನೀರು ಎಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿತ್ತೆಂದರೆ ಬ್ರಿಟಿಷರು ಅದರ ಮೇಲೆ ಫಿರಂಗಿ ಎಳೆದುಕೊಂಡು ಓಡಾಡಿದರು.

ಆಗ ಹತ್ತೊಂಬತ್ತು ವರ್ಷದವನಾಗಿದ್ದ ಒಬ್ಬ ಸೈನಿಕ ತನ್ನ ನೆನಪನ್ನು ಬರೆದಿಟ್ಟಿದ್ದಾನೆ. ನಾಲ್ಕು ಹಗಲು ನಾಲ್ಕು ರಾತ್ರಿ ಅವನ ಬಾಯಿಗೆ ಬಿದ್ದದ್ದು ಸೌದೆಯಿಂದ ಕಡಿದ ಚೂರು ಮರದ ತೊಗಟೆ ಮಾತ್ರ. ಕೆಲವರು ಹಳೆಯ ಬೂಟು ಸುಟ್ಟು ತಿಂದದ್ದನ್ನು ಕಣ್ಣಾರೆ ಕಂಡನಂತೆ.

ಹಾಗಂತ ಸುತ್ತಲಿನ ಊರುಗಳಲ್ಲಿ ಬರಗಾಲ ಇತ್ತಾ? ಇಲ್ಲ. ಕಣಜದಲ್ಲಿ ಕಾಳಿತ್ತು, ಕೊಟ್ಟಿಗೆಯಲ್ಲಿ ದನ ಇತ್ತು. ಈ ಸೇನೆಗೆ ಮಾರಲು ರೈತನಿಗೆ ಮನಸ್ಸಿರಲಿಲ್ಲ. ಇವರು ಕೊಡುವುದು ಇವತ್ತಿಗಿಂತ ನಾಳೆ ಬೆಲೆ ಕಳೆದುಕೊಳ್ಳುವ ನೋಟು, ಇಲ್ಲವೇ ಆಮೇಲೆ ಕೊಡುತ್ತೇವೆ ಎಂಬ ಒಂದು ಚೀಟಿ. ನಮ್ಮ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡ್ ತೂಗುಹಾಕುತ್ತಾರಲ್ಲ, ಆ ರೈತನ ಮನಸ್ಸೂ ಅದೇ. ಅವನನ್ನು ದೇಶದ್ರೋಹಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಮೊದಲ ದಾರಿ: ಕೇಳಿ ತೆಗೆದುಕೊಳ್ಳುವುದು

ವಾಷಿಂಗ್ಟನ್ ಮುಂದೆ ಎರಡೇ ದಾರಿ. ಸೇನೆ ಚದುರಿಹೋಗಲಿ ಎಂದು ಬಿಡುವುದು, ಇಲ್ಲವೇ ಬಂದೂಕು ಹಿಡಿದು ಹಳ್ಳಿಗೆ ನುಗ್ಗುವುದು. ಜನವರಿ 8ರಂದು ಅವರು ಎರಡರ ನಡುವೆ ಒಂದು ಹಾದಿ ಹಿಡಿದರು. ನ್ಯೂಜೆರ್ಸಿಯ ಪ್ರತಿ ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಇಷ್ಟು ದನ, ಇಷ್ಟು ಧಾನ್ಯ ಎಂದು ಪಾಲು ಹಾಕಿದರು. ಸ್ಥಳೀಯ ಮ್ಯಾಜಿಸ್ಟ್ರೇಟರಿಗೆ ಪತ್ರ ಬರೆದರು. ಪತ್ರ ಕೊಂಡುಹೋದದ್ದು ಸೇನೆಯ ಅಧಿಕಾರಿ, ಜೊತೆಗೆ ಸೈನಿಕರ ತುಕಡಿ.

ಅಧಿಕಾರಿಗಳಿಗೆ ಕೊಟ್ಟ ಸೂಚನೆ ಓದಬೇಕು. ಮೊದಲು ಮರ್ಯಾದೆಯಿಂದ ಕೇಳಬೇಕು. ಸಂಗ್ರಹಿಸುವ ಕೆಲಸ ಮ್ಯಾಜಿಸ್ಟ್ರೇಟರೇ ಮಾಡಲಿ. ದನದ ತೂಕ ಅಂದಾಜು ಮಾಡುವಾಗ ಊರಿನವರೂ ಇರಲಿ. ಈಗಿನ ಬೆಲೆ ಬೇಕೋ, ಹಣ ಕೈಗೆ ಬರುವ ದಿನದ ಮಾರುಕಟ್ಟೆ ಬೆಲೆ ಬೇಕೋ ಎಂದು ಮಾಲೀಕನೇ ಆರಿಸಲಿ. ಒಪ್ಪದಿದ್ದರೆ ಮಾತ್ರ ಬಲವಂತ. ಆಗಲೂ ಮನೆಯವರ ಊಟಕ್ಕೆ ಬೇಕಾದಷ್ಟು ಬಿಡಬೇಕು. ಕರೆಯುವ ಹಸುವನ್ನು ಮುಟ್ಟಬಾರದು.

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ತಿರುವು ಇದೇ. ಬೆಲೆಯ ಆಯ್ಕೆ ಮಾಲೀಕನಿಗೇ ಕೊಟ್ಟದ್ದನ್ನು ಗಮನಿಸಿ. ನೋಟು ಕುಸಿಯುತ್ತಿದೆ ಅಂತ ಇಬ್ಬರಿಗೂ ಗೊತ್ತು. ಕುಸಿತದ ನಷ್ಟ ನಿನ್ನ ತಲೆಗೆ ಕಟ್ಟುವುದಿಲ್ಲ ಎಂದು ಹೇಳಿದ ಹಾಗಾಯಿತು. ದರೋಡೆ ಮತ್ತು ಕಡ ಇವೆರಡರ ನಡುವೆ ಇರುವ ಗೆರೆ ಅಷ್ಟೇ ತೆಳ್ಳಗೆ.

ಕೌಂಟಿಗಳು ಕೊಟ್ಟವು. ಜನವರಿ ಮುಗಿಯುವ ಮುಂಚೆಯೇ, ಸದ್ಯಕ್ಕೆ ಊಟದ ಚಿಂತೆ ಇಲ್ಲ ಎಂದು ವಾಷಿಂಗ್ಟನ್ ಕಾಂಗ್ರೆಸ್ಸಿಗೆ ಬರೆದರು. ಆದರೆ ಒಂದೇ ಕಣಜದ ಬಾಗಿಲನ್ನು ಹೀಗೆ ಎಷ್ಟು ಸಲ ತಟ್ಟಬಹುದು?

ಎರಡನೇ ದಾರಿ: ಹಣ ಬೇಡ, ಸಾಮಾನೇ ಕೊಡಿ

ಫೆಬ್ರವರಿ 25ರಂದು ಕಾಂಗ್ರೆಸ್ ಹೊಸ ಯೋಜನೆ ತಂದಿತು. ರಾಜ್ಯಗಳು ಹಣ ಕೊಡುವುದು ಬೇಡ. ಇಂಥ ರಾಜ್ಯ ಇಷ್ಟು ದನದ ಮಾಂಸ, ಇಷ್ಟು ಹಿಟ್ಟು, ಇಷ್ಟು ರಮ್, ಇಷ್ಟು ಹುಲ್ಲು ಕೊಡಲಿ. ಮಾರ್ಚ್ 18ರಂದು ನೋಟಿನ ಬೆಲೆಯನ್ನೂ ಅಧಿಕೃತವಾಗಿ ನಲವತ್ತಕ್ಕೆ ಒಂದು ಎಂದು ಇಳಿಸಿತು. ಅಂದರೆ 40 ಡಾಲರ್ ನೋಟಿಗೆ 1 ಡಾಲರ್ ಬೆಳ್ಳಿ.

ಸಾಮಾನು ಕೇಳಿದವರು ಗಾಡಿ ಬಾಡಿಗೆಯನ್ನು ಮರೆತರು. ರಾಜ್ಯಗಳು ತಮ್ಮ ಗಡಿಯೊಳಗೆ ಎಲ್ಲೋ ಒಂದು ಕಡೆ ಹಿಟ್ಟು ತಂದು ಸುರಿದವು. ಅಲ್ಲಿಂದ ಸೇನೆಯ ಬೀಡಿಗೆ ಸಾಗಿಸಲು ಕುದುರೆ ಇಲ್ಲ, ಕುದುರೆ ಇದ್ದರೆ ಹುಲ್ಲಿಲ್ಲ, ಗಾಡಿಯವನಿಗೆ ಕೊಡಲು ಕಾಸಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಗೂ ಕೊಡುವ ಮನಸ್ಸಿತ್ತು, ದೇವಸ್ಥಾನಕ್ಕೆ ದಾರಿಯೇ ಇರಲಿಲ್ಲ. ಸಂಗ್ರಹಿಸಿದ್ದು ಇದ್ದಲ್ಲೇ ಕೊಳೆಯಿತು.

ಮೇ 25ರಂದು ಮಾರಿಸ್‌ಟೌನಿನಲ್ಲಿ ಕನೆಕ್ಟಿಕಟ್ಟಿನ ಎರಡು ರೆಜಿಮೆಂಟಿನವರು ಬಂದೂಕು ಹಿಡಿದು ಸಾಲಾಗಿ ನಿಂತರು. ಸಂಬಳ ಬಂದು ಐದು ತಿಂಗಳಾಗಿತ್ತು, ಮಾಂಸ ಕಂಡು ದಿನಗಳಾಗಿದ್ದವು. ಆ ದಿನ ಹೇಗೋ ಸಮಾಧಾನವಾಯಿತು. ಬೇಸಿಗೆಯಲ್ಲಿ ಗ್ರೀನ್ ಕೂಡ ಕಾಂಗ್ರೆಸ್ಸಿನ ಜೊತೆ ಜಗಳವಾಡಿ ಸಾಗಾಣಿಕೆಯ ಹುದ್ದೆ ಬಿಟ್ಟ. ಹಿಂದಿನ ವರ್ಷವೇ ಆತ ಗೊಣಗಿದ್ದ: ಇತಿಹಾಸದಲ್ಲಿ ಕ್ವಾರ್ಟರ್‌ಮಾಸ್ಟರ್‌ನ (ಸಾಗಾಣಿಕೆ ನೋಡುವ ಅಧಿಕಾರಿಯ) ಹೆಸರು ಕೇಳಿದವರು ಯಾರೂ ಇಲ್ಲ.

ನಡುವೆ ಒಂದು ಅಂಗಿಯ ಕಥೆ

ಅದೇ ಬೇಸಿಗೆಯಲ್ಲಿ ಫಿಲಡೆಲ್ಫಿಯಾದ ಹೆಂಗಸರು ಎಸ್ತರ್ ರೀಡ್ ಮುಂದಾಳತ್ವದಲ್ಲಿ ಮನೆ ಮನೆಗೆ ಹೋಗಿ ಚಂದಾ ಎತ್ತಿದರು. 3 ಲಕ್ಷ ಡಾಲರಿಗೂ ಜಾಸ್ತಿ ಕೂಡಿತು. ಬೆಳ್ಳಿ ಲೆಕ್ಕದಲ್ಲಿ ಅದು ಸುಮಾರು 7,500 ಡಾಲರ್. ಒಬ್ಬೊಬ್ಬ ಸೈನಿಕನ ಕೈಗೂ ಗಟ್ಟಿ ನಾಣ್ಯವಾಗಿ 2 ಡಾಲರ್ ಇಡಬೇಕು ಎಂದು ಎಸ್ತರ್ ಆಸೆಪಟ್ಟರು. ವಾಷಿಂಗ್ಟನ್ ಒಪ್ಪಲಿಲ್ಲ. ಕೆಲವರು ಕುಡಿದು ಹಾಳುಮಾಡಬಹುದು, ಜೊತೆಗೆ ಇವರ ಬೆಳ್ಳಿ ನೋಡಿದರೆ ನಮ್ಮ ನೋಟಿನ ಮಾನ ಇನ್ನಷ್ಟು ಹೋಗುತ್ತದೆ. ಅಂಗಿ ಹೊಲಿದುಕೊಡಿ ಎಂದರು. ಆ ಸೆಪ್ಟೆಂಬರಿನಲ್ಲಿ ಎಸ್ತರ್ ತೀರಿಕೊಂಡರು. ಫ್ರಾಂಕ್ಲಿನ್ ಮಗಳು ಸಾರಾ ಬಾಚ್ ಕೆಲಸ ಮುಂದುವರಿಸಿದರು. ವರ್ಷದ ಕೊನೆಗೆ 2,000ಕ್ಕೂ ಹೆಚ್ಚು ಅಂಗಿ ತಯಾರಾದವು. ಪ್ರತಿ ಅಂಗಿಯ ಮೇಲೆ ಹೊಲಿದವಳ ಹೆಸರು.

ಸೇನಾಪತಿಯ ವಾದ ಸರಿಯೇ ಇರಬಹುದು. ಆದರೆ ವರ್ಷಗಟ್ಟಲೆ ಸಂಬಳ ಕಾಣದವನಿಗೆ ಎರಡು ಬೆಳ್ಳಿ ನಾಣ್ಯ ಏನು ಮಾಡುತ್ತದೆ ಎಂಬುದು ಎಸ್ತರ್‌ಗೆ ಅವರಿಗಿಂತ ಮೊದಲು ಹೊಳೆದಿತ್ತು. ಮುಂದಿನ ವರ್ಷ ಅದೇ ಬೆಳ್ಳಿಗಾಗಿ ವಾಷಿಂಗ್ಟನ್ ತಾವೇ ಅಂಗಲಾಚಬೇಕಾಯಿತು.

ಒಡೆದ ಕಟ್ಟೆ

1781ರ ಜನವರಿ 1ರ ರಾತ್ರಿ ಪೆನ್ಸಿಲ್ವೇನಿಯಾದ ಸೈನಿಕರು ದಂಗೆ ಎದ್ದರು. ಸಾವಿರಕ್ಕೂ ಹೆಚ್ಚು ಜನ ತಮ್ಮ ಸಾರ್ಜೆಂಟರ ಮಾತಿನಂತೆ ಶಿಸ್ತಾಗಿ ಪ್ರಿನ್ಸ್‌ಟನ್ ಕಡೆಗೆ ನಡೆದರು. ಬಾಕಿ ಸಂಬಳ, ಬಟ್ಟೆ, ಮೂರು ವರ್ಷಕ್ಕೆ ಸೇರಿದವರಿಗೆ ಬಿಡುಗಡೆ, ಇಷ್ಟೇ ಬೇಡಿಕೆ. ಬ್ರಿಟಿಷರು ಹೊಂಚುಹಾಕಿ ಇಬ್ಬರನ್ನು ಕಳಿಸಿದರು: ನಮ್ಮ ಕಡೆ ಬನ್ನಿ, ಬಾಕಿಯೆಲ್ಲ ನಾವು ಕೊಡುತ್ತೇವೆ. ದಂಗೆಕೋರರು ಆ ಇಬ್ಬರನ್ನೂ ಹಿಡಿದುಕೊಟ್ಟರು, ಗೂಢಚಾರರೆಂದು ಅವರಿಗೆ ಗಲ್ಲಾಯಿತು. ಹಿಡಿದುಕೊಟ್ಟವರಿಗೆ ಚಿನ್ನದ ನಾಣ್ಯ ಬಹುಮಾನ ಕೊಡಲು ಬಂದರೆ, ಬೇಡ ಎಂದರು. ಕೊನೆಗೆ ಅರ್ಧಕ್ಕೂ ಹೆಚ್ಚು ಜನ ಬಿಡುಗಡೆ ಪಡೆದು ಮನೆಗೆ ಹೋದರು. ಅದೇ ತಿಂಗಳು ನ್ಯೂಜೆರ್ಸಿಯವರೂ ಎದ್ದರು. ಅವರ ಇಬ್ಬರು ಮುಂದಾಳುಗಳಿಗೆ ಗುಂಡಿಕ್ಕಲಾಯಿತು.

ಮೇ ಹೊತ್ತಿಗೆ ನೋಟು ಸತ್ತಿತು. ಫಿಲಡೆಲ್ಫಿಯಾದ ಜನ ಅದನ್ನು ಟೋಪಿಗೆ ಸಿಕ್ಕಿಸಿಕೊಂಡು ಮೆರವಣಿಗೆ ಹೋದರಂತೆ. ಜೊತೆಗೆ ಒಂದು ನಾಯಿ, ಅದರ ಮೈಗೆಲ್ಲ ಡಾಂಬರು ಬಳಿದು ನೋಟು ಅಂಟಿಸಿದ್ದರು.

ಮೂರನೇ ದಾರಿ: ಒಬ್ಬನ ಸಹಿ

ಆ ಫೆಬ್ರವರಿಯಲ್ಲಿ ಕಾಂಗ್ರೆಸ್ ಹಣಕಾಸಿನ ಹೊಣೆಗೆ ರಾಬರ್ಟ್ ಮಾರಿಸ್‌ನನ್ನು ಆರಿಸಿತ್ತು. ಫಿಲಡೆಲ್ಫಿಯಾದ ದೊಡ್ಡ ವರ್ತಕ. ಒಪ್ಪುವ ಮುಂಚೆ ಆತ ಎರಡು ಷರತ್ತು ಹಾಕಿದ: ನನ್ನ ಸ್ವಂತ ವ್ಯಾಪಾರ ಬಿಡುವುದಿಲ್ಲ, ಸರ್ಕಾರದ ಹಣ ಮುಟ್ಟುವ ಯಾರನ್ನಾದರೂ ಕೆಲಸದಿಂದ ತೆಗೆಯುವ ಹಕ್ಕು ನನಗಿರಬೇಕು. ಮೊದಲನೆಯದನ್ನು ಕೇಳಿದರೆ ಇವತ್ತು ಯಾರಾದರೂ ಹೌಹಾರುತ್ತಾರೆ. ಕಾಂಗ್ರೆಸ್ಸಿನ ಕೈಯಲ್ಲಿ ಚೌಕಾಸಿಗೆ ಏನೂ ಉಳಿದಿರಲಿಲ್ಲ.

ಮೇ ಕೊನೆಯಲ್ಲಿ ಸೇನೆಗೆ ಹಿಟ್ಟು ಮುಗಿಯಿತು. ಮಾರಿಸ್ ಸರ್ಕಾರದ ಹೆಸರಲ್ಲಿ ಆದೇಶ ಹೊರಡಿಸಲಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಒಬ್ಬರಿಗೆ, ನ್ಯೂಜೆರ್ಸಿಯಲ್ಲಿ ಒಬ್ಬರಿಗೆ ಪತ್ರ ಬರೆದ. ತಲಾ 1,000 ಪೀಪಾಯಿ ಹಿಟ್ಟು ಕೊಂಡು ಕಳಿಸಿ. ಹಣದ ವಿಷಯಕ್ಕೆ ನನ್ನನ್ನು ಸರ್ಕಾರದ ಮನುಷ್ಯ ಅಂತಾದರೂ ತಿಳಿಯಿರಿ, ಖಾಸಗಿ ಮನುಷ್ಯ ಅಂತಾದರೂ ತಿಳಿಯಿರಿ, ಗಟ್ಟಿ ನಾಣ್ಯದಲ್ಲಿ ತೀರಿಸುವ ಹೊಣೆ ನನ್ನದು. ಹಿಟ್ಟು ಬಂತು. ಹದಿಮೂರು ರಾಜ್ಯಗಳ ಮಾತಿಗೆ ತೆರೆಯದ ಕಣಜ ಒಬ್ಬ ವ್ಯಾಪಾರಿಯ ಸಹಿಗೆ ತೆರೆಯಿತು. ಯಾರು ಕೊಡುತ್ತಾರೆ, ಯಾವುದರಲ್ಲಿ ಕೊಡುತ್ತಾರೆ, ಈ ಎರಡಕ್ಕೂ ಅದರಲ್ಲಿ ಉತ್ತರ ಇತ್ತು. ಮುಂದೆ ಮಾರಿಸ್ ತನ್ನ ಸಹಿಯ ನೋಟುಗಳನ್ನೇ ಹೊರಡಿಸಿದ. ಕಾಂಗ್ರೆಸ್ಸಿನ ನೋಟು ಬೇಡ ಅಂದವರು ಇವನ್ನು ತೆಗೆದುಕೊಂಡರು.

ಆಗಸ್ಟ್ 14ರಂದು, ಫ್ರೆಂಚ್ ನೌಕಾಪಡೆ ಚೆಸಾಪೀಕ್ ಕೊಲ್ಲಿಗೆ ಬರುತ್ತಿದೆ ಎಂಬ ಸುದ್ದಿ ಬಂತು. ವಾಷಿಂಗ್ಟನ್ ನ್ಯೂಯಾರ್ಕ್ ಬಿಟ್ಟು, ಬ್ರಿಟಿಷ್ ಸೇನೆಯೊಂದು ಇದ್ದ ದಕ್ಷಿಣದ ವರ್ಜೀನಿಯಾದ ಕಡೆಗೆ ಹೊರಟರು. ದಾರಿಯಿಂದಲೇ ಮಾರಿಸ್‌ಗೆ ಬರೆದರು: ಇವರಿಗೆ ಒಂದು ತಿಂಗಳ ಸಂಬಳ ಬೆಳ್ಳಿಯಲ್ಲೇ ಬೇಕು, ಇಲ್ಲದಿದ್ದರೆ ದಕ್ಷಿಣಕ್ಕೆ ಹೆಜ್ಜೆ ಹಾಕುವುದು ಕಷ್ಟ. ಮಾರಿಸ್ ಬಳಿ ಅಷ್ಟಿರಲಿಲ್ಲ. ಫ್ರೆಂಚ್ ಸೇನಾಪತಿ ರೋಶಾಂಬೋ ಹತ್ತಿರ 20,000 ಡಾಲರ್ ಬೆಳ್ಳಿ ಕೇಳಿದ, ಅಕ್ಟೋಬರ್ 1ಕ್ಕೆ ವಾಪಸ್ ಎಂದ. ರೋಶಾಂಬೋನ ಪೆಟ್ಟಿಗೆಯೂ ತುಂಬಿರಲಿಲ್ಲ. ಕೊಡಲು ಧೈರ್ಯ ಬಂದದ್ದು ನೌಕಾಪಡೆ ಬಂದು ಮುಟ್ಟಿತು ಎಂದು ಸೆಪ್ಟೆಂಬರ್ 5ರಂದು ಗೊತ್ತಾದ ಮೇಲೆ. ಆ ಹಡಗುಗಳಲ್ಲಿ ಹವಾನಾದಲ್ಲಿ ಕೆಲವೇ ಗಂಟೆಗಳಲ್ಲಿ ಒಟ್ಟುಮಾಡಿದ 5 ಲಕ್ಷ ಪೆಸೊ ಇತ್ತು. ಪೀಪಾಯಿಯ ಮುಚ್ಚಳ ಒಡೆದದ್ದು ಅದಾದ ಮೂರು ದಿನಕ್ಕೆ.

ಅಕ್ಟೋಬರ್ 19ರಂದು ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ ಆ ಬ್ರಿಟಿಷ್ ಸೇನೆ ಶರಣಾಯಿತು.

ಇದರಲ್ಲಿ ಕಲಿಯುವುದೇನು

ಇದನ್ನು ‘ಸರ್ಕಾರದಿಂದ ಆಗದ್ದು ಖಾಸಗಿಯವರಿಂದ ಆಯಿತು’ ಎಂಬ ಪಾಠವಾಗಿ ಓದುವವರಿದ್ದಾರೆ. ಮುಂದಿನ ವರ್ಷ ನೋಡಿದರೆ ಆ ಪಾಠ ನಿಲ್ಲುವುದಿಲ್ಲ. ಮಾರಿಸ್ ಊಟದ ಕೆಲಸವನ್ನು ಟೆಂಡರ್ ಕರೆದು ಗುತ್ತಿಗೆಗೆ ಕೊಟ್ಟ. ಕಡಿಮೆ ಬೆಲೆ ಕೂಗಿದವರಿಗೆ ಸಿಕ್ಕಿತು. ಕೆಟ್ಟ ಮಾಂಸ, ಸರಿಯಿಲ್ಲದ ಹಿಟ್ಟು ಎಂದು ದೂರುಗಳು ಬಂದವು. 1782ರ ಅಕ್ಟೋಬರಿಗೆ ಮಾರಿಸ್‌ಗೆ ಬಿಲ್ ಕಟ್ಟಲು ಆಗಲಿಲ್ಲ. ರಾಜ್ಯಗಳಿಂದ ಬರಬೇಕಾದ ಹಣ ಬಂದಿರಲಿಲ್ಲ. ಗುತ್ತಿಗೆದಾರರು ಕೈ ಎತ್ತಿದರು. ಹೊಸಬರು ಮೂರು ತಿಂಗಳ ಉದ್ರಿಗೆ ಒಪ್ಪಿದರು, ಆದರೆ ದರ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಜಾಸ್ತಿ. ಮಾತು ಉಳಿಸಿಕೊಳ್ಳದ್ದಕ್ಕೆ ಕಟ್ಟಿದ ದಂಡ ಅದು. ಒಬ್ಬನ ಸಹಿ ಸ್ವಲ್ಪ ದಿನ ಓಡುತ್ತದೆ, ಹಿಂದೆ ತೆರಿಗೆ ಇಲ್ಲದಿದ್ದರೆ ಅದೂ ನೋಟಿನ ಗತಿಯೇ. ಆಮದಿನ ಮೇಲೆ ನೂರಕ್ಕೆ ಐದು ಸುಂಕ ಹಾಕಲು ಕಾಂಗ್ರೆಸ್ ಕೇಳಿದ ಅನುಮತಿಯನ್ನು ಆ ನವೆಂಬರಿನಲ್ಲಿ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ ತಳ್ಳಿಹಾಕಿತು.

ಈ ವ್ಯಾಪಾರಿಗಳ ಊರಿನಿಂದ ನಮಗೊಂದು ಸಣ್ಣ ನಂಟಿದೆ. 1782ರಲ್ಲಿ ಫಿಲಡೆಲ್ಫಿಯಾದ ಸರಕು ಹಡಗುಗಳ ಕಾವಲಿಗೆ ಒಂದು ಯುದ್ಧದ ಹಡಗು ಸಜ್ಜಾಯಿತು. ಹೆಸರು ‘ಹೈದರ್ ಅಲಿ’. ಶ್ರೀರಂಗಪಟ್ಟಣದ ನಮ್ಮ ಹೈದರನೇ. ಬ್ರಿಟಿಷರಿಗೆ ಆ ಕಡೆ ನೀರು ಕುಡಿಸುತ್ತಿದ್ದಾನೆ ಎಂಬ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಏಪ್ರಿಲಿನಲ್ಲಿ ಆ ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗೊಂದನ್ನು ಹಿಡಿಯಿತು.

ಇನ್ನು ಬಿಲ್ ಕೊನೆಗೆ ಯಾರ ತಲೆಗೆ ಬಂತು? ಸೈನಿಕರಿಗೆ ಬಾಕಿ ಸಂಬಳದ ಬದಲು ಚೀಟಿ ಸಿಕ್ಕಿತು. ಮನೆಗೆ ಹೋಗುವ ದಾರಿ ಖರ್ಚಿಗೆ ಬಹಳ ಜನ ಅದನ್ನು ಸಿಕ್ಕಿದ ಬೆಲೆಗೆ ಮಾರಿದರು. 1790ರಲ್ಲಿ ಹೊಸ ಸರ್ಕಾರ ಆ ಸಾಲವನ್ನು ಮುಖಬೆಲೆಯ ಲೆಕ್ಕದಲ್ಲೇ ಒಪ್ಪಿಕೊಂಡಾಗ ಲಾಭ ಆದದ್ದು ಚೀಟಿ ಕೊಂಡಿಟ್ಟವರಿಗೆ. ಹಳೆಯ ನೋಟಿಗೆ ನೂರಕ್ಕೆ ಒಂದು ಸಿಕ್ಕಿತು. ಎಲ್ಲರಿಗೂ ಜಾಮೀನು ನಿಂತ ಮಾರಿಸ್ ಆಮೇಲೆ ಭೂಮಿ ವ್ಯಾಪಾರದಲ್ಲಿ ಮುಳುಗಿ, 1798ರಿಂದ 1801ರವರೆಗೆ ಸಾಲಗಾರರ ಜೈಲಿನಲ್ಲಿದ್ದ.

ಯಾರ್ಕ್‌ಟೌನಿನ ಗೆಲುವಿನ ಸುದ್ದಿ ಹೊತ್ತು ವಾಷಿಂಗ್ಟನ್ನರ ಸಹಾಯಕನೊಬ್ಬ ಫಿಲಡೆಲ್ಫಿಯಾಕ್ಕೆ ಬಂದಾಗ ಮೈಯಲ್ಲಿ ಜ್ವರ. ಊರೆಲ್ಲ ಸಂಭ್ರಮ. ಅವನ ಖರ್ಚಿಗೆ ಕೊಡೋಣ ಎಂದು ಖಜಾನೆ ತೆಗೆದರೆ ಅದಕ್ಕೆ ಸಾಕಾಗುವಷ್ಟು ನಾಣ್ಯವೂ ಇರಲಿಲ್ಲ. ಕಾಂಗ್ರೆಸ್ಸಿನ ಸದಸ್ಯರು ತಮ್ಮ ಜೇಬಿಗೆ ಕೈ ಹಾಕಿ ತಲಾ ಒಂದು ಡಾಲರ್ ಕೊಟ್ಟರು.